ಐಆರ್‌ಕ್ಯೂ-ಸೇಫ್ ಕಿತ್ತು ಹಾಕಿ ಕ್ಯೂ ಇಟ್ಕೊಂಡೆ

ಬ್ಯಾಟರಿ ಮೇಲೆ ಓಡೋ ಲಿನಕ್ಸ್ ಬೋರ್ಡ್, ಅದರ ಒಂದು ಕಂಟ್ರೋಲರ್‌ಗೆ ಚಿಪ್ ಜೊತೆ ಬಂದ ಡ್ರೈವರ್ ನನ್ ಕೈಗೆ ಬಂತು. ಅದು ಸ್ಪಿನ್‌ಲಾಕ್ (ಹಿಡಿದಿರೋವಾಗ ಕೋಡ್ ನಿದ್ದೆ ಹೋಗಂಗಿಲ್ಲ, ಅಂದ್ರೆ ಸಿಪಿಯು ಬಿಟ್ಟು ಕಾಯಂಗಿಲ್ಲ) ಹಿಡ್ಕೊಂಡೇ ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಕರೀತಿತ್ತು. ಕೆಲಸ ಇಲ್ಲದಾಗ ಪವರ್ ಉಳಿಸೋಕೆ ಮಲಗಿಸಿದ ಡಿವೈಸನ್ನ ಎಬ್ಬಿಸಿ, ಅದು ಏಳೋವರೆಗೂ ಕಾಯೋ ಕರೆ ಅದು. ಡಿವೈಸ್ ಎಚ್ಚರ ಇದ್ರೆ ಕರ್ನಲ್ ಏನೂ ಅನ್ನಲ್ಲ, ಮಲಗಿದ್ದಾಗ ಕರೆದ್ರೆ ಮಾತ್ರ, ಅದೂ ಡೀಬಗ್_ಅಟಾಮಿಕ್_ಸ್ಲೀಪ್ (ನಿದ್ದೆ ಹೋಗಬಾರದ ಕಡೆ ಹೋದ್ರೆ ಹಿಡಿಯೋ ಕರ್ನಲ್ ಆಯ್ಕೆ) ಆನ್ ಇದ್ರೆ, ಲಾಗ್ ತುಂಬ ಬೈಗುಳ. ಟೆಸ್ಟಿಂಗಲ್ಲಿ ಯಾಕೆ ಸಿಕ್ಕಿರಲಿಲ್ಲ ಅಂತ ಆಗ ಗೊತ್ತಾಯ್ತು.

ಸುಲಭದ ದಾರಿ ಪಿಎಂ_ರನ್‌ಟೈಮ್_ಐಆರ್‌ಕ್ಯೂ_ಸೇಫ್. ಪ್ರೋಬಲ್ಲಿ (ಡಿವೈಸ್ ಸಿಕ್ಕಾಗ ಡ್ರೈವರ್ ಶುರುವಾಗೋ ಫಂಕ್ಷನ್) ಒಂದು ಲೈನು ಹಾಕಿದ್ರೆ ಡಿವೈಸನ್ನ ಮಲಗಿಸೋ, ಎಬ್ಬಿಸೋ ಸಸ್ಪೆಂಡ್, ರೆಸ್ಯೂಮ್ ಕಾಲ್‌ಬ್ಯಾಕ್‌ಗಳು ಇಂಟರಪ್ಟ್ ಆಫ್ ಇರೋವಾಗ್ಲೇ ಓಡ್ತವೆ, ಅಂದ್ರೆ ಅವುಗಳ ಒಳಗೆ ಯಾವುದೂ ನಿದ್ದೆ ಹೋಗಂಗಿಲ್ಲ. ಕ್ಲಾಕ್‌ದು ಪರವಾಗಿಲ್ಲ, ನಿದ್ದೆ ಹೋಗಬಹುದಾದ ಕ್ಲಾಕ್_ಪ್ರಿಪೇರ್ ಪ್ರೋಬಲ್ಲೇ ಮುಗಿಸಿ ನಿದ್ದೆ ಹೋಗದ ಕ್ಲಾಕ್_ಎನೇಬಲ್, ಡಿಸೇಬಲ್ ಮಾತ್ರ ಕಾಲ್‌ಬ್ಯಾಕಲ್ಲಿ ಇಟ್ಟೆ. ಆದ್ರೆ ಡಿವೈಸಿಗೆ ಪವರ್ ಕೊಡೋ ರೆಗ್ಯುಲೇಟರ್ ಐ2ಸಿ (ನಿಧಾನದ ಎರಡು ವೈರಿನ ಬಸ್) ಹಿಂದೆ ಇದೆ, ಅದನ್ನ ನಿದ್ದೆ ಹೋಗದೆ ಆನ್ ಮಾಡೋಕೇ ಆಗಲ್ಲ. ಇನ್ನೊಂದು, ಇದೇ ನನಗೆ ದೊಡ್ಡದು: ಐಆರ್‌ಕ್ಯೂ-ಸೇಫ್ ಅಂದ ಕೂಡ್ಲೇ ಕರ್ನಲ್ ಪೇರೆಂಟ್ (ನಮ್ ಡಿವೈಸ್ ಯಾವುದರ ಕೆಳಗಿದೆಯೋ ಆ ಡಿವೈಸ್) ಮೇಲೆ ಕಾಯಂ ರೆಫರೆನ್ಸ್ ಹಿಡಿಯುತ್ತೆ, ಮಗು ಮಲಗಿದ್ರೂ ತಾಯಿ ಎದ್ದೇ ಇರ್ಬೇಕು. ಸಿಸ್‌ಎಫ್‌ಎಸ್ಸಲ್ಲಿ (ಕರ್ನಲ್ ಡಿವೈಸ್‌ಗಳ ಸ್ಥಿತಿ ತೋರಿಸೋ ಫೈಲುಗಳು) ಪೇರೆಂಟಿನ ರನ್‌ಟೈಮ್_ಸ್ಟೇಟಸ್ ನೋಡಿದ್ರೆ ಯಾವಾಗ್ಲೂ ಆಕ್ಟಿವ್. ಬ್ಯಾಟರಿಗೆ ಏನ್ ಲಾಭ ಆಯ್ತು ಹೇಳಿ.

ಹಾಗಾಗಿ ಆ ಲೈನ್ ತೆಗೆದು ಕ್ಯೂ ಮಾಡ್ದೆ. ರಿಕ್ವೆಸ್ಟ್ ಬಂದ್ರೆ ಲಾಕ್ ಹಿಡಿದು ಕ್ಯೂಗೆ ಸೇರಿಸೋದು, ಪಿಎಂ_ರನ್‌ಟೈಮ್_ಗೆಟ್ ಕರೆಯೋದು (ಇದು ಕಾಯಲ್ಲ, ಎಬ್ಬಿಸೋ ಕೆಲಸ ವರ್ಕ್‌ಕ್ಯೂಗೆ ಹಾಕಿ ವಾಪಸ್ ಬರುತ್ತೆ), ಡಿವೈಸ್ ಎದ್ದಿದ್ರೆ ಅಲ್ಲೇ ಶುರು, ಇಲ್ಲಾಂದ್ರೆ ರೆಸ್ಯೂಮ್ ಕಾಲ್‌ಬ್ಯಾಕ್ ಕೊನೇಲಿ ಶುರು. ಸಸ್ಪೆಂಡ್ ಕಾಲ್‌ಬ್ಯಾಕ್ ಅದೇ ಲಾಕಲ್ಲಿ ಕ್ಯೂ ನೋಡುತ್ತೆ, ಏನಾದ್ರೂ ಬಾಕಿ ಇದ್ರೆ ಈಬಿಸಿ (EBUSY, ಕೆಲಸ ಇದೆ ಅನ್ನೋ ಎರರ್) ಅಂತ ವಾಪಸ್.

ಇಂಟರಪ್ಟ್ ಲೈನ್ ಬೇರೆ ಡಿವೈಸ್ ಜೊತೆ ಶೇರ್ ಆಗಿದೆ, ನಮ್ ಡಿವೈಸ್ ಮಲಗಿದ್ದಾಗ್ಲೂ ಹ್ಯಾಂಡ್ಲರ್ ಓಡುತ್ತೆ, ಕ್ಲಾಕ್ ಇಲ್ಲದ ರಿಜಿಸ್ಟರ್ ಓದಿದ್ರೆ ಆರ್ಮಲ್ಲಿ ಅಬಾರ್ಟ್ ಆಗ್ಬಹುದು. ಇಲ್ಲಿ ಪಿಎಂ_ರನ್‌ಟೈಮ್_ಗೆಟ್_ಇಫ್_ಇನ್_ಯೂಸ್ (ಡಿವೈಸ್ ಪೂರ್ತಿ ಎದ್ದು ಬಳಕೇಲಿದ್ರೆ ಮಾತ್ರ ಹೂಂ ಅನ್ನೋದು) ಸಾಕು ಅನ್ಸುತ್ತೆ, ಸಾಕಾಗಲ್ಲ, ಯಾಕಂದ್ರೆ ರೆಸ್ಯೂಮ್ ಒಳಗಿಂದ್ಲೇ ಟ್ರಾನ್ಸ್‌ಫರ್ ಶುರು ಮಾಡ್ತೀವಿ, ಆಗ ಸ್ಟೇಟಸ್ ಇನ್ನೂ ರೆಸ್ಯೂಮಿಂಗ್, ಅಷ್ಟರಲ್ಲಿ ಇಂಟರಪ್ಟ್ ಬಂದ್ರೆ ನಮ್ದಲ್ಲ ಅಂತ ಬಿಟ್ಟುಬಿಡುತ್ತೆ. ಅದಕ್ಕೇ ನನ್ನದೇ ಲಾಕ್ ಕೆಳಗೆ ನನ್ನದೇ ಒಂದು ಫ್ಲಾಗ್, ರಿಜಿಸ್ಟರ್ ಮುಟ್ಟೋ ಮುಂಚೆ ಹ್ಯಾಂಡ್ಲರ್ ಅದನ್ನ ನೋಡುತ್ತೆ. ಸಸ್ಪೆಂಡಲ್ಲಿ ಡಿವೈಸಿನ ಇಂಟರಪ್ಟ್ ಮಾಸ್ಕ್ ಮಾಡಿ, ಫ್ಲಾಗ್ ಇಳಿಸಿ, ಲಾಕ್ ಬಿಟ್ಟ ಮೇಲೆ ಸಿಂಕ್ರೊನೈಸ್_ಐಆರ್‌ಕ್ಯೂ (ಓಡ್ತಿರೋ ಹ್ಯಾಂಡ್ಲರ್ ಮುಗಿಯೋವರೆಗೂ ಕಾಯೋದು), ಆಮೇಲೇ ಕ್ಲಾಕ್ ಆಫ್. ಕೆಲಸ ಮುಗಿದಾಗ ಹ್ಯಾಂಡ್ಲರಿಂದ್ಲೇ ಪುಟ್_ಆಟೋಸಸ್ಪೆಂಡ್ (ರೆಫರೆನ್ಸ್ ಬಿಟ್ಟು ಆಮೇಲೆ ಮಲಗೋಕೆ ಬಿಡೋದು), ಅದು ಅಸಿಂಕ್, ಅಂದ್ರೆ ಕಾಯಲ್ಲ, ತೊಂದರೆ ಇಲ್ಲ.

ಮಲಗೆದ್ದ ಮೇಲಿನ ಮೊದಲ ರಿಕ್ವೆಸ್ಟ್ ಸ್ವಲ್ಪ ತಡ ಆಗುತ್ತೆ, ನಮಗೆ ನಡೆಯುತ್ತೆ. ಅಷ್ಟೂ ತಡ ಆಗಬಾರದು, ಪೇರೆಂಟ್ ಹೆಂಗೂ ಎದ್ದೇ ಇರುತ್ತೆ ಅನ್ನೋ ಕಡೆ ಐಆರ್‌ಕ್ಯೂ-ಸೇಫೇ ಹಾಕ್ಕೊಳ್ಳಿ.