ಹಳೆಯ ಟ್ರ್ಯಾಕ್ಟರಿನಿಂದ ಎದೆಮಟ್ಟದ ಕಳೆ ಕತ್ತರಿಸುವುದು ಹೇಗೆ?

ಎರಡು ಮಳೆಗಾಲ ಬೀಳುಬಿಟ್ಟ ಹೊಲದಲ್ಲಿ ಕಾಂಗ್ರೆಸ್ ಕಳೆ ಎದೆಮಟ್ಟಕ್ಕೆ ಬೆಳೆದಿರುತ್ತದೆ, ಅದರ ನಡುವೆ ಅಲ್ಲಲ್ಲಿ ಲಂಟಾನದ ಪೊದೆಗಳು ಎದ್ದಿರುತ್ತವೆ. ಇಂಥ ನೆಲಕ್ಕೆ ನೇರವಾಗಿ ಮಣ್ಣು ಪುಡಿಮಾಡುವ ರೋಟವೇಟರ್ ಇಳಿಸುವುದು ನಮ್ಮಲ್ಲಿ ರೂಢಿ. ಆದರೆ ಉದ್ದನೆಯ ಕಾಂಡಗಳು ಅದರ ಅಚ್ಚಿಗೆ ಸುತ್ತಿಕೊಳ್ಳುತ್ತವೆ, ಆಳದಲ್ಲಿದ್ದ ಬೀಜಗಳೂ ಮೇಲೆ ಬರುತ್ತವೆ. ಮೊದಲು ಟ್ರ್ಯಾಕ್ಟರಿನ ಹಿಂದೆ ಜೋಡಿಸುವ, ಸುತ್ತುವ ಬ್ಲೇಡುಗಳಿಂದ ಕಳೆ ಕತ್ತರಿಸುವ ಯಂತ್ರವಾದ ಸ್ಲ್ಯಾಷರ್‌ನಿಂದ ಕತ್ತರಿಸಿ, ಆಮೇಲೆ ಉಳುವುದೇ ಸರಿಯಾದ ಕ್ರಮ. 35 ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರಿಗೆ ನಾಲ್ಕರಿಂದ ಐದು ಅಡಿ ಅಗಲದ ಸ್ಲ್ಯಾಷರ್ ಸಾಕು, ಅದಕ್ಕಿಂತ ದೊಡ್ಡದನ್ನು ದಟ್ಟ ಕಳೆಯಲ್ಲಿ ಎಳೆಯಲು ಅದು ಒದ್ದಾಡುತ್ತದೆ. ಸ್ವಂತದ್ದು ಇಲ್ಲದವರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುವುದೇ ಎಂದು ವಿಚಾರಿಸಬಹುದು.

ಯಂತ್ರ ಹೂಡುವ ಮೊದಲು ಹೊಲವನ್ನು ನಡೆದೇ ನೋಡಬೇಕು. ಉದ್ದನೆಯ ಕೋಲು ಹಿಡಿದು ಕಳೆ ಸರಿಸುತ್ತಾ ಹೋದರೆ ಕಲ್ಲು, ಬೇಲಿ ತಂತಿ, ಹಳೆಯ ಹನಿ ನೀರಾವರಿ ಪೈಪು, ಕೊಳವೆಬಾವಿಯ ಕೇಸಿಂಗ್, ಪಾಳುಬಾವಿಯ ಅಂಚು ಎಲ್ಲವೂ ಗೊತ್ತಾಗುತ್ತವೆ, ಹಾವುಗಳಿಗೂ ಸರಿದುಹೋಗಲು ಸಮಯ ಸಿಗುತ್ತದೆ. ತೆಗೆಯಬಹುದಾದದ್ದನ್ನು ತೆಗೆದು, ಉಳಿದ ಕಡೆ ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಿರಿ. ಐದು ಅಡಿಯ ಸ್ಲ್ಯಾಷರಿನ ಬ್ಲೇಡಿನ ತುದಿ ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ ಸುತ್ತುತ್ತದೆ. ಅದಕ್ಕೆ ಸಿಕ್ಕ ಕಲ್ಲು ಎತ್ತ ಹಾರುತ್ತದೆಂದು ಹೇಳಲಾಗದು. ಆದ್ದರಿಂದ ಕೆಲಸ ಮುಗಿಯುವವರೆಗೆ 100 ಮೀಟರ್ ಒಳಗೆ ಯಾರೂ ಇರಬಾರದು, ದನಕರುಗಳೂ ಇರಬಾರದು.

ಇನ್ನು ಯಂತ್ರದ ತಯಾರಿ. ಬ್ಲೇಡುಗಳ ಬೋಲ್ಟು ಬಿಗಿಯಾಗಿವೆಯೇ, ಎರಡೂ ಬ್ಲೇಡು ಒಂದೇ ತೂಕಕ್ಕೆ ಸವೆದಿವೆಯೇ, ಗೇರ್‌ಬಾಕ್ಸಿನಲ್ಲಿ ಎಣ್ಣೆ ಇದೆಯೇ ಎಂದು ನೋಡಿ. ತೂಕ ಹೆಚ್ಚುಕಡಿಮೆಯಾದರೆ ಇಡೀ ಸ್ಲ್ಯಾಷರ್ ನಡುಗಿ ಬೇರಿಂಗ್ ಹಾಳಾಗುತ್ತದೆ. ಟ್ರ್ಯಾಕ್ಟರಿನ ಹಿಂಭಾಗದಿಂದ ಎಂಜಿನ್ ಬಲವನ್ನು ಸ್ಲ್ಯಾಷರಿಗೆ ಒಯ್ಯುವ ಪಿ.ಟಿ.ಓ. ಶಾಫ್ಟಿನ ಒಳಗಿನ ಮತ್ತು ಹೊರಗಿನ ಕೊಳವೆಗಳು ಕನಿಷ್ಠ ಮೂರನೇ ಒಂದು ಭಾಗದಷ್ಟು ಒಂದರೊಳಗೊಂದು ಕೂತಿರಬೇಕು. ಅದರ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿಸದೆ ಯಂತ್ರ ಚಾಲೂ ಮಾಡಬೇಡಿ. ನಿಮಿಷಕ್ಕೆ 540 ಸುತ್ತಿನ ಪಿ.ಟಿ.ಓ. ಒಂದು ಸೆಕೆಂಡಿಗೆ ಒಂಬತ್ತು ಬಾರಿ ತಿರುಗುತ್ತದೆ. ಹೆಗಲ ಟವೆಲ್ಲೋ ಪಂಚೆಯ ಚುಂಗೋ ಅದಕ್ಕೆ ಸಿಕ್ಕರೆ ಕೈ ಹಿಂದೆಗೆಯಲು ಸಮಯವೇ ಇರುವುದಿಲ್ಲ. ಸ್ಲ್ಯಾಷರ್ ಎತ್ತಿದಾಗ ಮುಂದಿನ ಚಕ್ರ ಹಗುರವಾಗಿ ಸ್ಟೀರಿಂಗ್ ಹಿಡಿತ ತಪ್ಪುವುದಾದರೆ ಮುಂಭಾಗಕ್ಕೆ ತೂಕದ ಬಿಲ್ಲೆಗಳನ್ನು ಹಾಕಿಸಿ.

ಹಳೆಯ ಟ್ರ್ಯಾಕ್ಟರಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದದ್ದು ಕ್ಲಚ್ಚಿನ ಸಂಗತಿ. ಒಂದೇ ಕ್ಲಚ್ ಇರುವ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಒತ್ತಿದರೆ ಎಂಜಿನ್ ಮಾತ್ರ ಬೇರೆಯಾಗುತ್ತದೆ. ಪಿ.ಟಿ.ಓ. ಮತ್ತು ಚಕ್ರಗಳು ಗೇರಿನ ಮೂಲಕ ಒಂದಕ್ಕೊಂದು ಜೋಡಿಕೊಂಡೇ ಇರುತ್ತವೆ. ಆಗ ರಭಸದಿಂದ ಸುತ್ತುತ್ತಿರುವ ಭಾರವಾದ ಬ್ಲೇಡು ತನ್ನ ವೇಗದಿಂದಲೇ ಚಕ್ರಗಳನ್ನು ತಿರುಗಿಸಿ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತದೆ. ನಾನು ಇದನ್ನು ಅರಿಯದೆ ಬದುವಿನ ಅಂಚಿನಲ್ಲಿ ಕ್ಲಚ್ ಒತ್ತಿ ನಿಂತೆನೆಂದುಕೊಂಡಾಗ ಟ್ರ್ಯಾಕ್ಟರ್ ಮತ್ತೂ ಒಂದು ಮಾರು ಮುಂದೆ ಹೋಗಿ ಮುಂದಿನ ಚಕ್ರ ಬದು ಇಳಿದಿತ್ತು. ಇದಕ್ಕೆ ಪರಿಹಾರವಾಗಿ ಪಿ.ಟಿ.ಓ. ತುದಿಗೆ ಒಂದೇ ದಿಕ್ಕಿಗೆ ಎಳೆಯುವ ಓವರ್‌ರನ್ನಿಂಗ್ ಕಪ್ಲಿಂಗ್ ಹಾಕಿಸಬಹುದು. ಸೈಕಲ್ಲಿನ ಫ್ರೀವೀಲಿನಂತೆ ಅದು ಬ್ಲೇಡನ್ನು ತನ್ನಷ್ಟಕ್ಕೆ ಸುತ್ತಲು ಬಿಡುತ್ತದೆ. ಅದಿಲ್ಲದಿದ್ದರೆ, ನಿಲ್ಲಿಸುವಾಗ ಆಕ್ಸಲೇಟರ್ ಇಳಿಸಿ, ಕ್ಲಚ್ ಪೂರ್ತಿ ಒತ್ತಿ, ತಕ್ಷಣ ಗೇರು ನ್ಯೂಟ್ರಲ್‌ಗೆ ತಂದು ಎರಡೂ ಬ್ರೇಕು ಒಟ್ಟಿಗೆ ಒತ್ತುವುದನ್ನು ಬಯಲಿನಲ್ಲಿ ಹತ್ತಾರು ಬಾರಿ ಅಭ್ಯಾಸ ಮಾಡಿಕೊಂಡೇ ಹೊಲಕ್ಕೆ ಇಳಿಯಬೇಕು.

ಕತ್ತರಿಸಲು ಆರಂಭಿಸುವಾಗ ಎಂಜಿನ್ ವೇಗ ಕಡಿಮೆ ಇರಲಿ. ಕಳೆ ಇಲ್ಲದ ಕಡೆ ಕ್ಲಚ್ ಒತ್ತಿ ಮೊದಲನೇ ಲೋ ಗೇರು ಮತ್ತು ಪಿ.ಟಿ.ಓ. ಎರಡನ್ನೂ ಹಾಕಿ, ಕ್ಲಚ್ಚನ್ನು ಮೆಲ್ಲನೆ ಬಿಟ್ಟು, ಬ್ಲೇಡು ತಿರುಗತೊಡಗಿದ ನಂತರ ಹ್ಯಾಂಡ್ ಆಕ್ಸಲೇಟರನ್ನು 540 ಸುತ್ತಿನ ಗುರುತಿಗೆ ಏರಿಸಿ. ಆಮೇಲೆ ಕಳೆಯೊಳಗೆ ಹೋಗಿ. ಸುತ್ತು ತೋರಿಸುವ ಮೀಟರು ಕೆಟ್ಟಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸುವುದು ಲೇಸು. ಎಂಜಿನ್ ವೇಗ ಹೆಚ್ಚು, ಚಕ್ರದ ವೇಗ ಕಡಿಮೆ, ಇದೇ ಈ ಕೆಲಸದ ಲೆಕ್ಕ. ಗಂಟೆಗೆ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ಬೇಡ. ಮೊದಲ ಸಲ ನೆಲದಿಂದ ಗೇಣೆತ್ತರದಲ್ಲಿ, ಸ್ಲ್ಯಾಷರಿನ ಅರ್ಧ ಅಗಲಕ್ಕೆ ಮಾತ್ರ ಕಳೆ ಸಿಗುವಂತೆ ಹೋಗಿ. ಎರಡನೇ ಸಲ ಮೂರು ನಾಲ್ಕು ಅಂಗುಲಕ್ಕೆ ಇಳಿಸಿ. ಎಂಜಿನ್ ಏದುಸಿರು ಬಿಡುವಂತೆ ಸದ್ದು ಮಾಡಿದರೆ ಕ್ಲಚ್ ಮುಟ್ಟಬೇಡಿ, ಏಕೆಂದರೆ ಕ್ಲಚ್ ಒತ್ತಿದರೆ ಬ್ಲೇಡಿನ ಬಲವೂ ಹೋಗುತ್ತದೆ. ಸ್ಲ್ಯಾಷರನ್ನು ಸ್ವಲ್ಪ ಎತ್ತಿದರೆ ಸಾಕು. ಇಳಿಜಾರಿನಲ್ಲಿ ಅಡ್ಡಡ್ಡ ಹೋಗದೆ ಮೇಲಕ್ಕೂ ಕೆಳಕ್ಕೂ ಹೋಗಬೇಕು. ಹಳೆಯ ಟ್ರ್ಯಾಕ್ಟರಿನಲ್ಲಿ ಮಗುಚಿದಾಗ ಚಾಲಕನನ್ನು ಕಾಯುವ ಚೌಕಟ್ಟು ಇರುವುದಿಲ್ಲ.

ಕಳೆಯ ಹೂವು, ಧೂಳು, ಹೊಟ್ಟು ರೇಡಿಯೇಟರಿಗೆ ಅಂಟುತ್ತಲೇ ಇರುತ್ತದೆ. ಅದರ ಮುಂದೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಕಟ್ಟಿ, ಅರ್ಧ ಗಂಟೆಗೊಮ್ಮೆ ಎಂಜಿನ್ ನಿಲ್ಲಿಸಿ ಕೊಡವಿರಿ. ಏರ್‌ಕ್ಲೀನರಿನ ಎಣ್ಣೆ ಬಟ್ಟಲನ್ನೂ ಪ್ರತಿದಿನ ತೆಗೆದು ನೋಡಬೇಕು. ಸೈಲೆನ್ಸರಿನ ಬಳಿ ಸೇರಿದ ಒಣಹುಲ್ಲು ಹೊತ್ತಿಕೊಳ್ಳಬಹುದು, ಹತ್ತಿರದಲ್ಲೇ ಒಂದು ಕೊಡ ನೀರಿರಲಿ. ಬ್ಲೇಡಿಗೆ ತಂತಿ ಸುತ್ತಿದರೆ ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿಕೊಂಡು, ಬ್ಲೇಡು ಪೂರ್ತಿ ನಿಂತ ಮೇಲೆಯೇ, ಎತ್ತಿದ ಸ್ಲ್ಯಾಷರಿನ ಕೆಳಗೆ ಮರದ ದಿಮ್ಮಿ ಇಟ್ಟು ಕೈ ಹಾಕಿ. ಲಿಫ್ಟನ್ನು ನಂಬಿ ಅದರಡಿಗೆ ಹೋಗಬಾರದು. ಕಾಂಗ್ರೆಸ್ ಕಳೆಯ ಪರಾಗ ಮೈತುರಿಕೆ, ಉಬ್ಬಸ ತರುವುದರಿಂದ ಮೂಗು ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ ಬೇಕು.

ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಹಾಗಾಗಿ ಹೂ ಬಿಡುವ ಮೊದಲೇ ಕತ್ತರಿಸಿದರೆ ಶ್ರಮ ಸಾರ್ಥಕ. ಉಳಿದ ಬುಡಗಳು ಮತ್ತೆ ಚಿಗುರುವುದು ಖಂಡಿತ. ಆ ಚಿಗುರು ಹೂ ಬಿಡುವ ಮುನ್ನ ಇನ್ನೊಮ್ಮೆ ಕತ್ತರಿಸಿ, ಮಣ್ಣಿನಲ್ಲಿ ಹಸಿ ಇರುವಾಗಲೇ ನೇಗಿಲು ಹೂಡಿ. ಬೇರೆ ಹೊಲಕ್ಕೆ ಹೋಗುವ ಮುನ್ನ ಸ್ಲ್ಯಾಷರಿನ ಅಡಿಯನ್ನು ಕೆರೆದು ತೊಳೆಯುವುದನ್ನು ಮರೆಯಬೇಡಿ, ಅಲ್ಲಿ ಅಂಟಿದ ಮಣ್ಣಿನೊಂದಿಗೆ ಬೀಜಗಳೂ ಪ್ರಯಾಣ ಮಾಡುತ್ತವೆ.