ಶ್ರೀಶೈಲದ ಬೋಟಿನಲ್ಲಿ ಸೀಟು ಬದಲಾಯಿಸಬೇಡಿ

ರಜೆಗೆ ಮನೆಮಂದಿಯೆಲ್ಲ ಶ್ರೀಶೈಲಕ್ಕೆ ಹೊರಟಿದ್ದರೆ ಒಂದು ಮಾತು. ಪಾತಾಳಗಂಗೆಯಿಂದ ಅಕ್ಕಮಹಾದೇವಿ ಗುಹೆಗೆ ಹೋಗುವ ಬೋಟಿನಲ್ಲಿ, ಹೋಗುವಾಗ ಎಡಗಡೆ ಕೂತಿದ್ದರೆ ಬರುವಾಗಲೂ ಎಡಗಡೆಯೇ ಕೂಡಿ. ಎಲ್ಲರೂ ‘ಈಗ ಆ ಕಡೆ ನೋಡೋಣ’ ಅಂತ ಸೀಟು ಬದಲಾಯಿಸುತ್ತಾರೆ, ಆದರೆ ಬೋಟೇ ತಿರುಗಿರುತ್ತದೆ ಅಲ್ವಾ, ಮತ್ತೆ ನೋಡಿದ ಬಂಡೆಯನ್ನೇ ನೋಡುತ್ತಾ ವಾಪಸ್ ಬರುತ್ತಾರೆ! ಕೂತ ಕಡೆಯೇ ಕೂತರೆ ಎರಡೂ ದಡದ ಕಡಿದಾದ ಗುಡ್ಡ ಕಣ್ಣಿಗೆ ಬೀಳುತ್ತದೆ, ನಡುವೆ ನಮ್ಮ ಯಾದಗಿರಿ ಜಿಲ್ಲೆ ದಾಟಿ ಬಂದ ಅದೇ ಕೃಷ್ಣೆ. ಬೋಟ್ ಒಂದೇ ದಡಕ್ಕೆ ಅಂಟಿಕೊಂಡು ಹೋಗಿಬಂದರೆ ಮಾತ್ರ ಈ ಲೆಕ್ಕ ಅಷ್ಟು ನಡೆಯಲ್ಲ, ಆಗ ಆಚೆ ದಡ ಸುಮ್ನೆ ದೂರದಿಂದ ಕಾಣುತ್ತದೆ. ಇನ್ನೊಂದು, ಹೋಗುವಾಗ ನೆರಳಿದ್ದ ಸೀಟಿಗೆ ಬರುವಾಗ ಬಿಸಿಲು ಬೀಳಬಹುದು. ಅಜ್ಜಿ ಜೊತೆಗಿದ್ದರೆ ಒಂದು ಹಸಿ ಟವೆಲ್ ಇಟ್ಟುಕೊಳ್ಳಿ.