ಬ್ರ್ಯಾಕೆಟ್ ಒಳಗಿನ ಕ್ರಿಯಾಪದ

2010ರ ಮೇ ತಿಂಗಳು. ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ, ಅಂದರೆ ಎನ್‌ಪಿಟಿಯ, ಪರಿಶೀಲನಾ ಸಮ್ಮೇಳನ. ಅಣ್ವಸ್ತ್ರ ಇಲ್ಲದ ಒಂದು ಪುಟ್ಟ ದೇಶದ ನಿಯೋಗದಲ್ಲಿ ನಾನು ಟಿಪ್ಪಣಿ ಬರೆದುಕೊಳ್ಳುವವಳು. ಮೈಕ್ ಮುಂದೆ ಮಾತಾಡುವ ಕೆಲಸ ನನ್ನದಲ್ಲ. ಯಾವ ದೇಶ ಯಾವ ಪದ ಬೇಡ ಅಂದಿತು ಎಂದು ಬರೆದಿಡಬೇಕು, ರಾತ್ರಿ ಕೂತು ಹೊಸ ಕರಡನ್ನು ಹಳೆಯದರ ಪಕ್ಕ ಇಟ್ಟು ಓದಬೇಕು. ಹೀಗೇ ನಾಲ್ಕು ವಾರ.

ಎಲ್ಲರೂ ಒಪ್ಪದ ಮಾತು ಕರಡಿನಲ್ಲಿ ಚೌಕ ಬ್ರ್ಯಾಕೆಟ್ ಒಳಗೆ ಕೂತಿರುತ್ತದೆ. ಬ್ರ್ಯಾಕೆಟ್ ತೆಗೆಸುವುದೇ ಸಂಧಾನ. ಇಲ್ಲಿ ಮತಕ್ಕೆ ಹಾಕಿ ಗೆಲ್ಲುವ ರೂಢಿ ಇಲ್ಲ, ಒಮ್ಮತವೇ ಬೇಕು. ಒಂದು ದೇಶ ತಲೆ ಅಲ್ಲಾಡಿಸಿದರೂ ದಾಖಲೆ ಬಿದ್ದುಹೋಗುತ್ತದೆ.

ಜಗಳದ ಮೂಲ ಒಪ್ಪಂದದ ಆರನೇ ವಿಧಿ. ನಿಶ್ಶಸ್ತ್ರೀಕರಣಕ್ಕಾಗಿ ಒಳ್ಳೆಯ ಮನಸ್ಸಿನಿಂದ ಮಾತುಕತೆ ನಡೆಸಬೇಕು ಎನ್ನುತ್ತದೆ ಅದು. ಯಾವಾಗ ಮುಗಿಸಬೇಕು ಎಂದು ಹೇಳುವುದಿಲ್ಲ. ಒಪ್ಪಂದ ಜಾರಿಗೆ ಬಂದದ್ದು 1970ರಲ್ಲಿ. ಅಂದಿನಿಂದ ಪ್ರತಿ ಸಮ್ಮೇಳನದಲ್ಲೂ ನಮ್ಮಂಥ ದೇಶಗಳು ಕೇಳುವುದು ಒಂದೇ: ಎಷ್ಟು ಕಡಿಮೆ ಮಾಡಿದಿರಿ, ಉಳಿದದ್ದು ಯಾವಾಗ?

ನಾನು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದುಕೊಂಡೆ. ಎಡಗಡೆ ಇವತ್ತಿನ ಕರಡಿನ ಪದ. ಬಲಗಡೆ, ಕಾಫಿಗೆ ನಿಂತಾಗ ಕಿವಿಗೆ ಬಿದ್ದದ್ದು, ಯಾರು ಎಲ್ಲಿ ಸಡಿಲವಾಗಬಹುದು ಎಂಬ ಸುಳಿವು. ನಡುವೆ, ಅದೇ ದೇಶ 1995ರ, 2000ದ ಸಮ್ಮೇಳನಗಳಲ್ಲಿ ಒಪ್ಪಿದ ಮಾತು. ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ನಡುವಿನ ಕಾಲಂ. 2000ದಲ್ಲಿ, ಈ ಒಪ್ಪಂದ ಅಣ್ವಸ್ತ್ರ ದೇಶಗಳೆಂದು ಗುರುತಿಸುವ ಐದೂ ದೇಶಗಳು (ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ) ತಮ್ಮ ಅಣ್ವಸ್ತ್ರಗಳನ್ನು ಪೂರ್ತಿ ಇಲ್ಲವಾಗಿಸುವ 'ಎರಡು ಮಾತಿಲ್ಲದ ಬದ್ಧತೆ'ಗೆ ಒಪ್ಪಿದ್ದವು. ಹೊಸ ಮಾತನ್ನು ಬೇಡ ಅನ್ನುವುದು ಸುಲಭ. ತಾವೇ ಒಪ್ಪಿದ ಮಾತನ್ನು ಎಲ್ಲರೆದುರು ಬೇಡ ಅನ್ನುವುದು ಕಷ್ಟ, ಅಲ್ವಾ? 2010ರ ದಾಖಲೆಯಲ್ಲೂ ಆ ಮಾತು ಉಳಿಯಿತು.

ತಪ್ಪೂ ಮಾಡಿದೆ. ಮೊದಲ ದಿನಗಳಲ್ಲಿ ನನ್ನ ಕಣ್ಣೆಲ್ಲ ದೊಡ್ಡ ಪದಗಳ ಮೇಲೆ. ಅಣ್ವಸ್ತ್ರ ದೇಶಗಳು ಒಂದೇ ನಮೂನೆಯಲ್ಲಿ ವರದಿ ಕೊಡಬೇಕು ಎಂಬುದು ನಾವು ಬೇಡಿದ್ದ ಒಂದು ಅಂಶ. ಅದು ಕರಡಿಗೆ ಬಂದಿತ್ತು. ಬಂತಲ್ಲ ಎಂದು ಖುಷಿಯಲ್ಲಿ ಟಿಕ್ ಹಾಕಿದೆ. ನಮ್ಮ ನಿಯೋಗದ ಹಿರಿಯರು ಓದಿ ಒಂದೇ ಪ್ರಶ್ನೆ ಕೇಳಿದರು: "ಕ್ರಿಯಾಪದ ನೋಡಿದಿರಾ?" 'ಕೊಡಬೇಕು' ಅಂತ ನಾವು ಕೇಳಿದ್ದು 'ಉತ್ತೇಜಿಸಲಾಗುತ್ತದೆ' ಆಗಿತ್ತು. ಕೊನೆಯ ದಾಖಲೆಯ 21ನೇ ಅಂಶದಲ್ಲೂ ಅದೇ ಉಳಿಯಿತು. ಅಂದಿನಿಂದ ನಾನು ಕರಡು ಓದುವಾಗ ಮೊದಲು ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯುತ್ತೇನೆ. 'ಮಾಡುತ್ತೇವೆ', 'ಮಾಡಲು ಯತ್ನಿಸುತ್ತೇವೆ', 'ಮಾಡುವಂತೆ ಉತ್ತೇಜಿಸುತ್ತೇವೆ'. ಈ ಮೂರರ ನಡುವೆ ಸಾವಿರಾರು ಸಿಡಿತಲೆಗಳ ವ್ಯತ್ಯಾಸವಿದೆ.

ವರದಿಗೆ ಯಾಕಿಷ್ಟು ಒದ್ದಾಟ ಎಂದು ಕೇಳಬಹುದು. ಎಷ್ಟಿದೆ ಎಂದು ಹೇಳದಿದ್ದರೆ ಎಷ್ಟು ಇಳಿಯಿತು ಎಂದು ತಿಳಿಯುವುದು ಹೇಗೆ? ಸಮ್ಮೇಳನ ಶುರುವಾದ ದಿನವೇ, ಮೇ 3ರಂದು, ಅಮೆರಿಕ ತನ್ನ ದಾಸ್ತಾನು 5,113 ಸಿಡಿತಲೆ ಎಂದು ಬಹಿರಂಗಪಡಿಸಿತು. ಕೊನೆಯ ವಾರ ಬ್ರಿಟನ್ ತನ್ನ ಸಂಗ್ರಹ 225 ದಾಟುವುದಿಲ್ಲ ಎಂದಿತು. ಆ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಾಗ ಆದ ಸಂತೋಷ ಇನ್ನೂ ನೆನಪಿದೆ.

ಎಣಿಸುವ ವಿದ್ಯೆಯನ್ನು ನಾನು ಕಲಿತದ್ದು ಅದೇ ಏಪ್ರಿಲ್ 8ರಂದು ಪ್ರಾಗ್‌ನಲ್ಲಿ ಅಮೆರಿಕ, ರಷ್ಯಾ ಸಹಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದ ಓದಿ; ಇಬ್ಬರ ದೂರಗಾಮಿ ಅಣ್ವಸ್ತ್ರಗಳಿಗೆ ಮಿತಿ ಹಾಕಿದ್ದ ಒಪ್ಪಂದ ಅದು. ಮಿತಿ, ಬಳಕೆಗೆ ಸಿದ್ಧವಾಗಿ ನಿಯೋಜಿಸಿದ ತಲಾ 1,550 ಸಿಡಿತಲೆ ಆಗಿತ್ತು. ವರ್ಷಕ್ಕೆ 18 ತಪಾಸಣೆಗೆ ಅವಕಾಶವಿತ್ತು. ತಪಾಸಕರು ಒಂದು ಕ್ಷಿಪಣಿ ಆರಿಸುತ್ತಿದ್ದರು, ಆತಿಥೇಯರು ಅದರ ಮುಂಭಾಗ ತೆರೆದು ತೋರಿಸುತ್ತಿದ್ದರು. ಒಳಗಿನ ಸಿಡಿತಲೆಗಳ ಮೇಲೆ ಹೊದಿಕೆ ಇರುತ್ತಿತ್ತು. ಗುಟ್ಟು ಹೊದಿಕೆಯೊಳಗೇ ಉಳಿಯುತ್ತಿತ್ತು, ಲೆಕ್ಕ ಮಾತ್ರ ಸಿಗುತ್ತಿತ್ತು. ಎಷ್ಟು ಚೆಂದದ ಉಪಾಯ! ಆದರೆ ಬಾಂಬರ್ ವಿಮಾನ ಎಷ್ಟೇ ಬಾಂಬ್ ಹೊರಬಲ್ಲದಾದರೂ ಒಂದೇ ಸಿಡಿತಲೆ ಎಂದು ಲೆಕ್ಕವಾಗುತ್ತಿತ್ತು. ಒಪ್ಪಂದದಲ್ಲಿ ಮಿತಿಯ ಸಂಖ್ಯೆಗಿಂತ ಮೊದಲು ಎಣಿಕೆಯ ನಿಯಮ ಓದಬೇಕು ಎಂದು ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಮೇ 28ರಂದು 64 ಅಂಶಗಳ ಕ್ರಿಯಾಯೋಜನೆಗೆ ಒಮ್ಮತ ಸಿಕ್ಕಿತು. ಸಭಾಂಗಣದಲ್ಲಿ ಚಪ್ಪಾಳೆ ಬಿದ್ದಾಗ ನನ್ನ ಕಣ್ಣಲ್ಲಿ ನೀರಿತ್ತು.

2015ರಲ್ಲಿ ಹಾಗಾಗಲಿಲ್ಲ. ಮಧ್ಯಪ್ರಾಚ್ಯವನ್ನು ಸಾಮೂಹಿಕ ವಿನಾಶದ ಅಸ್ತ್ರಗಳಿಲ್ಲದ ವಲಯ ಮಾಡುವ ಸಮ್ಮೇಳನದ ವಿಷಯದಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಪ್ಪಲಿಲ್ಲ. 2022ರಲ್ಲಿ ಉಕ್ರೇನಿನ ಝಪೋರಿಝಿಯಾ ಅಣುಸ್ಥಾವರದ ಬಗೆಗಿನ ಸಾಲುಗಳನ್ನು ಹಿಡಿದು ರಷ್ಯಾ ಕೊನೆಯ ದಿನ ಬೇಡ ಅಂದಿತು. ಎರಡು ಸಲವೂ ದಾಖಲೆ ಇಲ್ಲ. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಆದರೂ ಆ ಬಿದ್ದುಹೋದ ಕರಡುಗಳನ್ನು ನಾನು ಎಸೆಯಲಿಲ್ಲ. ಯಾವ ಬ್ರ್ಯಾಕೆಟ್ ಎಷ್ಟನೇ ದಿನ ಹೋಯಿತು ಎಂದು ಅಂಚಿನಲ್ಲಿ ಗುರುತು ಹಾಕಿ ಇಟ್ಟೆ. 2023ರ ಜುಲೈ ಕೊನೆಯಲ್ಲಿ ಮುಂದಿನ ಸುತ್ತಿನ ಮೊದಲ ಪೂರ್ವಸಿದ್ಧತಾ ಸಭೆ ವಿಯೆನ್ನಾದಲ್ಲಿ ಶುರುವಾದಾಗ, ನಡುವಿನ ಕಾಲಂ ತುಂಬಿದ್ದು ಅವುಗಳಿಂದಲೇ.